ನಾಲ್ಕನೆಯ ಗಾಡಿ

ಪುಣೆ
8 ಜುಲೈ 2024

ರಂಜನಾ,

ನೀನು ಮುಟ್ಟಿದ ಸುದ್ದಿಯನ್ನು ಗೋದಾ ಕಾರ್ಡು ಬರೆದು ತಿಳಿಸಿದಳು. ‘ಸಾಮಾನು ಬಂದು ಮುಟ್ಟಿತು, ಏನೂ ಒಡೆದಿಲ್ಲ’ ಎಂದಷ್ಟೇ ಬರೆದಿದ್ದಾಳೆ. ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂತು ನನ್ನದೇ ಪೆನ್ಸಿಲ್ ಕದಿಯುತ್ತಿದ್ದವಳು, ಇಷ್ಟು ವಯಸ್ಸಾದರೂ ಕಳ್ಳಬುದ್ಧಿ ಬಿಟ್ಟಿಲ್ಲ. ಬಸವಲಿಂಗನಿಗೆ ಅವಳ ಹೆಸರೂ ಗೊತ್ತಿಲ್ಲ, ರಾಣೆಬೆನ್ನೂರಿನಲ್ಲಿ ನನಗೊಬ್ಬ ಗೆಳತಿ ಇದ್ದಾಳೆಂಬುದೂ ಗೊತ್ತಿಲ್ಲ. ಅವಳ ಮನೆಯಲ್ಲಿ ಧೈರ್ಯವಾಗಿರು.

ನೀನು ಹೋದ ದಿನ ಸಂಜೆ ಅವನು ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಿಂದ ಬಂದವನೇ ಎಂದಿನಂತೆ ಫೋನು ತೆಗೆದು ನೋಡಿದ. ನೀನು ಮನೆಯಲ್ಲೇ ಇದ್ದೀ ಎಂದು ಫೋನು ಹೇಳಿತಂತೆ. ಅಡುಗೆಮನೆ, ಬಾಲ್ಕನಿ, ಮೇಲಿನ ಗಚ್ಚಿ ಎಲ್ಲಾ ಹುಡುಕಿದ. ಕಡೆಗೆ ಅಕ್ಕಿಯ ಡಬ್ಬಿಯೊಳಗೆ ನಿನ್ನ ಫೋನು ಗುಂಯ್ ಅಂದಾಗ ಅದನ್ನು ತೆಗೆದುಕೊಂಡು ಸುಮ್ಮನೆ ಕೂತುಬಿಟ್ಟ. ಹೆತ್ತ ಹೊಟ್ಟೆ ನೋಡು, ನನಗೆ ಅಯ್ಯೋ ಅನ್ನಿಸಿತು. ಮರುಕ್ಷಣ ಅವನ ಹೊಡೆತಕ್ಕೆ ಕೇಳಿಸದೆ ಹೋದ ನಿನ್ನ ಎಡಗಿವಿ ನೆನಪಾಯಿತು.

“ಅವ್ವಾ, ನಿನಗೇನರ ಹೇಳಿ ಹೋದಳೇನು?” ಅಂದ.

“ನನಗ್ಯಾಕ ಹೇಳ್ತಾಳಪಾ, ನಾ ಅತ್ತಿ,” ಅಂದೆ. ನಂಬಿದ.

ನೀನು ಬಸುರಿ ಎಂಬುದು ಅವನಿಗೆ ಗೊತ್ತಿಲ್ಲ. ನನ್ನ ಬಾಯಿಂದ ಅದು ಹೊರಬೀಳುವುದಿಲ್ಲ. ಕಾಗದ ಬರೆದರೆ ಧನಕವಡಿಯ ನೀತಾನ ಅಂಗಡಿಯ ವಿಳಾಸಕ್ಕೆ ಬರೆ. ಸೀರೆಗೆ ಫಾಲ್ ಹಚ್ಚುವವಳ ಅಂಗಡಿಗೆ ಮುದುಕಿಯೊಬ್ಬಳು ಹೋಗಿಬಂದರೆ ಯಾರು ಕೇಳುತ್ತಾರೆ? ಫೋನು ಮಾತ್ರ ಬೇಡ. ಆ ಮಾತಿನಲ್ಲಿ ನೀನೇ ಸರಿ.

ಚನ್ನಬಸವ್ವ


ರಾಣೆಬೆನ್ನೂರು
22 ಜುಲೈ 2024

ಅತ್ತೆಯವರಿಗೆ,

ಕಾಗದ ಬಂತು. ಚೆನ್ನಾಗಿದ್ದೇನೆ. ಅಂದರೆ ಊಟ ಮಾಡುತ್ತೇನೆ, ಮಲಗುತ್ತೇನೆ, ಎದ್ದು ಕೆಲಸಕ್ಕೆ ಹೋಗುತ್ತೇನೆ.

ಇಲ್ಲಿ ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಬೀಜಕ್ಕೆ ಔಷಧ ಹಚ್ಚುವ ಕೋಣೆಯಲ್ಲಿ ಹಾಕಿದ್ದರು. ಬಸುರಿ ಎಂದು ತಿಳಿದ ಮೇಲೆ ಪೊಟ್ಟಣಕ್ಕೆ ಚೀಟಿ ಅಂಟಿಸುವ ಕಡೆ ಕೂರಿಸಿದ್ದಾರೆ. ಟೊಮೆಟೊ, ಬದನೆ, ಮೆಣಸಿನಕಾಯಿ. ಚೀಟಿಯ ಮೇಲೆ ಹಣ್ಣಿನ ಚಿತ್ರವಿರುತ್ತದೆ, ಒಳಗೆ ಏನಿದೆ ಎಂದು ನಾನು ನೋಡುವುದಿಲ್ಲ.

ಪೇಟೆಗೆ ಹೋದರೆ ಈಗಲೂ ಹಿಂದೆ ತಿರುಗಿ ನೋಡುತ್ತೇನೆ. ಪುಣೆಯಲ್ಲಿ ಭಾಜಿ ಮಂಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದರೆ ನಿಮ್ಮ ಮಗ ಬಂದು ನಿಂತಿರುತ್ತಿದ್ದರು. “ಈ ಅಂಗಡ್ಯಾಗ ಇಷ್ಟೊತ್ತು ಏನ್ ಕೆಲಸ?” ಎಂದು ನಗುತ್ತಲೇ ಕೇಳುತ್ತಿದ್ದರು. ಯಾರಾದರೂ ಹೇಳಿರಬೇಕೆಂದು ಮೊದಮೊದಲು ಭಾಜಿಯವಳ ಮೇಲೆ ಸಂಶಯಪಟ್ಟೆ. ಅವಳ ಹತ್ತಿರ ಕೊಳ್ಳುವುದನ್ನೇ ಬಿಟ್ಟೆ. ಹೇಳುತ್ತಿದ್ದದ್ದು ನನ್ನ ಕೈಚೀಲದಲ್ಲೇ ಇತ್ತು.

ಇಲ್ಲಿಗೆ ಬಂದರೆ ಅಳು ಬರಬಹುದು, ಇಲ್ಲವೆ ಹಗುರವಾಗಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ನಿಮ್ಮ ಫೋನನ್ನೂ ಅಷ್ಟಾಗಿ ನಂಬಬೇಡಿ.

ರಂಜನಾ


ಪುಣೆ
30 ಆಗಸ್ಟ್ 2024

ರಂಜನಾ,

ನನ್ನ ಫೋನಿನ ಚಿಂತೆ ನಿನಗೆ ಬೇಡ. ನಿನ್ನದು ಹೊಸ ಫೋನು, ಬಸವಲಿಂಗ ತಾನೇ ತಂದು ತಾನೇ ಹೊಂದಿಸಿದ್ದ. ನನ್ನದು ನಮ್ಮ ಲಾರಿ ಡ್ರೈವರ್ ಅವ್ವಣ್ಣನ ಹಳೆಯ ಫೋನು. ಅವನು ಕೆಲಸ ಬಿಟ್ಟು ಹೋದಾಗ ಅಂಗಡಿಗೆ ಒಪ್ಪಿಸಿದ್ದು. ಒಳ್ಳೆಯ ಫೋನು ಕಪಾಟಿನಲ್ಲಿ ಯಾಕೆ ಬಿದ್ದಿರಬೇಕೆಂದು ನನಗೆ ಕೊಟ್ಟರು. ನಮ್ಮ ಮನೆತನದ ಪದ್ಧತಿಯೇ ಹಾಗೆ, ಎತ್ತಿನ ಹಗ್ಗವಾದರೂ ಸರಿ, ಸವೆಯುವ ತನಕ ಬಿಸಾಡುವವರಲ್ಲ. ಅದರ ಸಂದಿಯಲ್ಲಿ ಇನ್ನೂ ತಂಬಾಕಿನ ವಾಸನೆ ಇದೆ. ಮುದುಕಿಯ ಫೋನಿನಲ್ಲಿ ಯಾರಿಗೇನು ಕೆಲಸ?

ಆದರೂ ಅದು ಭಾರೀ ಶಾಣ್ಯಾ ಆಗಿದೆ ನೋಡು. ನೀತಾನ ಅಂಗಡಿಯಿಂದ ಹೊರಬಿದ್ದರೆ ಸಾಕು, ಮನೆಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ, ಸ್ವಾರಗೇಟಿನಲ್ಲಿ ಗದ್ದಲ ಇದೆಯೋ ಇಲ್ಲವೋ, ತಾನಾಗಿಯೇ ಹೇಳುತ್ತದೆ. ನಾನು ಕೇಳಿರುವುದಿಲ್ಲ. ಮಕ್ಕಳಿಗೂ ಇಷ್ಟು ಕಾಳಜಿ ಇರುವುದಿಲ್ಲ ಎಂದು ನೀತಾಗೆ ಹೇಳಿ ನಕ್ಕೆ. ಓದಲು ಕಣ್ಣು ಸಾಲದವರು ಬಾಯಿಂದಲೇ ಕೇಳಬಹುದಂತೆ. ಮೊನ್ನೆ “ಹಸರ ಬಳಿ ಎಲ್ಲಿ ಛಲೋ ಸಿಗತಾವ?” ಎಂದು ಕೇಳಿದೆ. ಅಂಗಡಿಗಳನ್ನು ತೋರಿಸಿತು. ಯಾರಿಗೆ ಹಸಿರು ಬಳೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮೇಲೆ ಕಾಗದವನ್ನು ಡಬ್ಬಿಗೆ ಹಾಕುವ ಕೆಲಸ ನೀತಾಗೆ ಒಪ್ಪಿಸಿದ್ದೇನೆ. ನನ್ನ ಮೊಣಕಾಲು ನೋವು, ಪೋಸ್ಟಿನ ತನಕ ನಡೆಯಲು ಆಗುತ್ತಿಲ್ಲ.

ಬಸವಲಿಂಗ ಸುಮ್ಮನಿದ್ದಾನೆ. ಬೆಲ್ಲದ ಸೀಜನ್ನು ಹತ್ತಿರ ಬಂತು, ಮುಧೋಳ, ಮಹಾಲಿಂಗಪುರದಿಂದ ಗಾಡಿಗಳು ಶುರುವಾಗುತ್ತವೆ. ಅವನಿಗೆ ಬೇರೆ ಧ್ಯಾನ ಇರುವುದಿಲ್ಲ. ನಿನ್ನೆ ಊಟಕ್ಕೆ ಕೂತಾಗ, “ನನ್ನ ಫೋನ್ಯಾಗ ಎರಡ ದಿನದಿಂದ ಬರೇ ತೊಟ್ಟಿಲ, ಕೂಸಿನ ಅಂಗಿ ತೋರಸಾಕತ್ತೈತಿ, ಇದಕ್ಕ ಹುಚ್ಚ ಹಿಡದೈತಿ,” ಎಂದ. ನಾನೂ ನಕ್ಕೆ. ಎಲ್ಲರ ಫೋನಿಗೂ ಅಂಗಡಿಯದೇ ಒಂದು ಅಕೌಂಟು ಎಂದು ಗುಮಾಸ್ತ ದೇವಾನಂದ ಹಿಂದೊಮ್ಮೆ ಹೇಳಿದ್ದ. ಒಂದೇ ಒಲೆ ಇದ್ದ ಮನೆಯಲ್ಲಿ ಅಕೌಂಟು ಮಾತ್ರ ಎರಡು ಯಾಕೆ ಬೇಕು?

ಚನ್ನಬಸವ್ವ


ರಾಣೆಬೆನ್ನೂರು
16 ಸೆಪ್ಟೆಂಬರ್ 2024

ಅತ್ತೆಯವರಿಗೆ,

ಕಾಗದ ಓದಿದೆ. ನೀವು ನಕ್ಕಿದ್ದನ್ನು ಎರಡು ಸಲ ಓದಿದೆ, ನನಗೆ ನಗು ಬರಲಿಲ್ಲ. ಹಸಿರು ಬಳೆಯನ್ನು ಇನ್ನು ಮೇಲೆ ಫೋನಿಗೆ ಕೇಳಬೇಡಿ. ಪೇಟೆಯಲ್ಲಿ ಯಾರನ್ನಾದರೂ ಕೇಳಿ.

ಇಲ್ಲಿ ಹೇಳುವಂಥದ್ದು ಏನೂ ಇಲ್ಲ. ಈ ತಿಂಗಳು ಕೆಲವು ದಿನ ಕೆಲಸಕ್ಕೆ ಹೋಗಲಿಲ್ಲ, ಸ್ವಲ್ಪ ದಣಿವು. ಮಗು ಅಲುಗಾಡುತ್ತದೆ. ಗೋದಾಬಾಯಿಯವರು ಹೊಟ್ಟೆಯ ಮೇಲೆ ಕೈಯಿಟ್ಟು ಖುಷಿಪಡುತ್ತಾರೆ. ಅವರು ಖುಷಿಪಡುವುದನ್ನು ನೋಡಿ, ಇದು ಖುಷಿಯ ಸಂಗತಿ ಎಂದು ನೆನಪಿಸಿಕೊಳ್ಳುತ್ತೇನೆ.

ರಂಜನಾ


ಪುಣೆ
9 ಅಕ್ಟೋಬರ್ 2024

ರಂಜನಾ,

ದಣಿವಂತೆ, ದಣಿವು. ರಕ್ತ ಹೋಗಿ ಆಸ್ಪತ್ರೆಯಲ್ಲಿ ಮಲಗಿದ್ದನ್ನು ನನಗೆ ಗೋದಾಳ ಕಾರ್ಡಿನಿಂದ ತಿಳಿಯಬೇಕೆ? ನಿನ್ನ ಮೇಲೆ ಭಾಳ ಸಿಟ್ಟು ಬಂದಿದೆ. ನೀತಾನ ಅಂಗಡಿಯಲ್ಲಿ ಕಾರ್ಡು ಓದಿ ಅಲ್ಲೇ ಸೀರೆಗಳ ಗಂಟಿನ ಮೇಲೆ ಕೂತು ಅತ್ತೆ. “ಕಾಕು, ರಡೂ ನಕಾ,” ಅಳಬೇಡಿರಿ ಎಂದು ಅವಳ ಹೊಲಿಗೆಯ ಮರಾಠಿ ಹುಡುಗಿ ನೀರು ತಂದುಕೊಟ್ಟಳು.

ಕೇಳಿಲ್ಲಿ. ಏಳನೆಯ ತಿಂಗಳು ಬರುತ್ತಿದೆ. ಕುಬಸ ಆಗಬೇಕು. ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಬೇಕು. ನಿನಗೆ ತಾಯಿ ಇಲ್ಲ. ಅಣ್ಣ ಇದ್ದಾನೆ, ಗಂಡನ ಮನೆಗೆ ತಿರುಗಿ ಹೋಗು ಅನ್ನುವವನು. ಬಸುರಿ ಹೆಣ್ಣುಮಗಳ ಉಡಿ ಬರಿದಾಗಿ ಉಳಿಯಲು ನಾನು ಬಿಡುವುದಿಲ್ಲ. ಪೋಸ್ಟಿನಲ್ಲಿ ಸೀರೆ ಕಳಿಸಬಹುದು, ಉಡಿ ತುಂಬಲು ಕೈ ಬೇಕು.

ದೀಪಾವಳಿ ಮುಗಿದ ಮೇಲೆ ಧಾರವಾಡದ ಅಕ್ಕನ ಮನೆಗೆಂದು ಹೊರಡುತ್ತೇನೆ. ಅಲ್ಲಿಂದ ರಾಣೆಬೆನ್ನೂರಿಗೆ ಎಷ್ಟರ ದಾರಿ? ಅಕ್ಕನಿಗೂ ಹೇಳುವುದಿಲ್ಲ.

ಚನ್ನಬಸವ್ವ


ರಾಣೆಬೆನ್ನೂರು
19 ಅಕ್ಟೋಬರ್ 2024

ಅತ್ತೆಯವರಿಗೆ,

ಬರುವುದು ಬೇಡ.

ಕುಬಸ ಆಗದಿದ್ದರೆ ಏನೂ ಆಗುವುದಿಲ್ಲ. ಇಲ್ಲಿ ನನ್ನ ಜೊತೆ ಚೀಟಿ ಅಂಟಿಸುವವರಲ್ಲಿ ಎಷ್ಟೋ ಜನರಿಗೆ ಆಗಿಲ್ಲ, ಮಕ್ಕಳು ಚೆನ್ನಾಗಿಯೇ ಇವೆ. ನೀವು ಬಂದರೆ ನನಗೆ ಒಳ್ಳೆಯದು ಅನ್ನಿಸಬಹುದು. ಆದರೂ ಬೇಡ.

ರಂಜನಾ


ಪುಣೆ
14 ನವೆಂಬರ್ 2024

ರಂಜನಾ,

ಬೇಡ, ಬೇಡ ಎಂದು ಬರೆದವಳು ಬಾಗಿಲು ತೆರೆದ ಕೂಡಲೇ ನನ್ನ ಹೆಗಲ ಮೇಲೆ ತಲೆ ಇಟ್ಟೆಯಲ್ಲ. ನಮ್ಮ ಕಡೆ ಸೊಸೆಯಂದಿರು ಬೇಡ ಅನ್ನುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲವೆ? ನಾನೂ ಸೊಸೆಯಾಗಿದ್ದವಳೇ. ಮೂರು ಸಲ ಬೇಡ ಅಂದು ನಾಲ್ಕನೆಯ ಸಲ ಬಡಿಸಿಕೊಳ್ಳುತ್ತಿದ್ದೆ.

ಸುಖವಾಗಿ ಮನೆ ಮುಟ್ಟಿದ್ದೇನೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ತಿರುಗಿ ಬರುವಾಗ ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಬಸವಲಿಂಗನ ಫೋನು ಬಂತು. ಅದಕ್ಕೆಂದೇ ಫೋನು ಜೊತೆಗೆ ಒಯ್ದಿದ್ದೆ, ಎತ್ತದಿದ್ದರೆ ಸಂಶಯ ಬರುತ್ತದೆ. “ಎಲ್ಲಿದ್ದಿ ಅವ್ವಾ?” ಅಂದ. “ಅಕ್ಕನ ಮನ್ಯಾಗಪಾ, ಶಾವಗಿ ಹೊಸ್ಯಾಕತ್ತೇವಿ,” ಅಂದೆ. “ಆತು, ಆರಾಮ ಬಾ, ಅವಸರ ಮಾಡಬ್ಯಾಡ,” ಅಂದ. ಎಷ್ಟು ಮೆತ್ತಗೆ ಮಾತಾಡಿದನೆಂದರೆ, ನನಗೆ ಚಿಕ್ಕಂದಿನ ಬಸವಲಿಂಗನೇ ನೆನಪಾದ.

ಒಂದು ತಪ್ಪು ಮಾಡಿದ್ದೇನೆ, ಬೈಯಬೇಡ. ನೀನು ಹಸಿರು ಸೀರೆಯುಟ್ಟು, ಉಡಿಯ ಅಕ್ಕಿ ಚೆಲ್ಲದಂತೆ ಬಾಗಿ ಎದ್ದಾಗ ನಿನಗೆ ತಿಳಿಯದ ಹಾಗೆ ಒಂದು ಫೋಟೋ ತೆಗೆದುಕೊಂಡೆ. ಯಾರಿಗೂ ಕಳಿಸುವುದಿಲ್ಲ, ಕಳಿಸಲು ನನಗೆ ಬರುವುದೂ ಇಲ್ಲ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಾನೊಬ್ಬಳೇ ನೋಡುತ್ತೇನೆ. ಮುಖದಲ್ಲಿ ಕಳೆ ಬಂದಿದೆ, ನೀನೇ ಸುಮ್ಮನೆ ಏನೂ ಅನ್ನಿಸುವುದಿಲ್ಲ ಅನ್ನುತ್ತೀ.

ಚನ್ನಬಸವ್ವ


27 ನವೆಂಬರ್ 2024

ಅತ್ತೆಯವರಿಗೆ,

ನೀವು ಹೋದ ವಾರದಲ್ಲೇ ನಿಮ್ಮ ಮಗ ಬಂದರು. ಆಮೇಲೆ ಬಂದ ನಿಮ್ಮ ಕಾಗದವನ್ನು ನಾನು ಒಡೆದಿಲ್ಲ.

ಸಂಜೆ ಕೆಲಸ ಬಿಟ್ಟಾಗ ಕಂಪನಿಯ ಗೇಟಿನ ಹತ್ತಿರ ನಿಂತಿದ್ದರು. ಮೇಲ್ವಿಚಾರಕರಿಗೆ ಒಂದು ಪೆಂಟಿ ಬೆಲ್ಲ ತಂದುಕೊಟ್ಟಿದ್ದರು. ಎಲ್ಲರ ಮುಂದೆ ನನ್ನ ಹೊಟ್ಟೆ ನೋಡಿ, “ಹಸರ ಸೀರಿ ಭಾಳ ಒಪ್ಪಿತ್ತು ನಿನಗ. ಕುಬಸಕ್ಕ ಗಂಡಗ ಹೇಳಬಾರದೇನು?” ಅಂದರು. ನಾನು ಅಂದು ನೀಲಿ ಸೀರೆ ಉಟ್ಟಿದ್ದೆ. ಹಸಿರು ಸೀರೆ ಉಡಿಸಿದ ಕೋಣೆಯಲ್ಲಿ ನೀವು, ನಾನು, ಗೋದಾಬಾಯಿ ಮೂವರೇ ಇದ್ದೆವು.

ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

“ಸಿಟ್ಟು ಮಾಡ್ಕೊಂಡ ಬಂದಾಳ್ರಿ, ಮೊದಲನೇ ಬಸರ, ತಿಳುವಳಿಕಿ ಇಲ್ಲ,” ಎಂದು ಅವರು ಮೇಲ್ವಿಚಾರಕರಿಗೆ ಹೇಳಿದರು. “ಹೋಗವಾ, ಇಷ್ಟು ದೂರದಿಂದ ಬಂದಾರ,” ಎಂದರು ಮೇಲ್ವಿಚಾರಕರು. ಜೊತೆಯ ಹೆಂಗಸರಿಗೂ ನಿಮ್ಮ ಮಗನೇ ಒಳ್ಳೆಯವರಾಗಿ ಕಂಡರು. ಬಟ್ಟೆ ತೆಗೆದುಕೊಂಡು ಬರುತ್ತೇನೆಂದು ಹೇಳಿ ಮನೆಗೆ ನಡೆದೆ. ತೋಳು ಹಿಡಿದುಕೊಂಡೇ ಬಂದರು. ಗೋದಾಬಾಯಿ ನನ್ನನ್ನು ಒಳಗೆ ಬಿಟ್ಟು ಬಾಗಿಲಿಗೆ ಅಡ್ಡ ನಿಂತರು. ನಾನು ಹಿತ್ತಲ ದಾರಿಯಿಂದ ಹೋದೆ. ಗೋದಾಬಾಯಿಯವರ ಬಲಗೈ ಮುರಿದಿದೆ ಎಂದು ಆಮೇಲೆ ತಿಳಿಯಿತು.

ಈಗ ಬೇರೆ ಕಡೆ ಇದ್ದೇನೆ. ಎಲ್ಲಿ ಎಂದು ಬರೆಯುವುದಿಲ್ಲ. ಮಗನಿಗೆ ಹೇಳದೆ ಇರುವುದು ತಾಯಿಗೆ ಕಷ್ಟವಾಗಿರಬೇಕು. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಬಂದರೆ ಒಳ್ಳೆಯದೆಂದು ಕಾಯುತ್ತಿದ್ದೇನೆ.

ರಂಜನಾ


ಪುಣೆ
5 ಡಿಸೆಂಬರ್ 2024

ರಂಜನಾ,

ಗೋದಾಳ ವಿಳಾಸಕ್ಕೇ ಬರೆಯುತ್ತಿದ್ದೇನೆ. ನಿನಗೆ ಮುಟ್ಟಿಸುವ ದಾರಿ ಅವಳಿಗೆ ಗೊತ್ತಿದ್ದರೆ ಮುಟ್ಟಿಸಲಿ. ಅವಳ ಕೈಯ ಸುದ್ದಿ ಓದಿದ ಮೇಲೆ ನನ್ನ ಕೈಗೆ ಅನ್ನ ಹತ್ತುತ್ತಿಲ್ಲ.

ನಾನು ಹೇಳಿಲ್ಲ. ಹೊಟ್ಟೆಯಲ್ಲಿರುವ ಆ ಕೂಸಿನ ಮೇಲೆ ಆಣೆ ಇಡಬೇಕೆಂದಿದ್ದೆ, ಇಡುವುದಿಲ್ಲ, ಅದರ ಮೇಲೆ ಇನ್ನೇನೂ ಬೀಳುವುದು ಬೇಡ. ಅವನು ರಾಣೆಬೆನ್ನೂರಿಗೆ ಹೋಗಿದ್ದೂ ನನಗೆ ಗೊತ್ತಿರಲಿಲ್ಲ. ಮಹಾಲಿಂಗಪುರಕ್ಕೆ ಬೆಲ್ಲ ನೋಡಲು ಹೋಗುತ್ತೇನೆ ಅಂದಿದ್ದ, ಬುತ್ತಿ ಕಟ್ಟಿಕೊಟ್ಟೆ.

ನೀತಾ ಹೇಳಿರಬಹುದೆ? ಅವಳ ಅಂಗಡಿಯ ಹುಡುಗಿ? ಅಕ್ಕ? ಒಬ್ಬೊಬ್ಬರ ಮುಖವನ್ನೂ ಕಣ್ಣ ಮುಂದೆ ತಂದುಕೊಂಡು ನೋಡುತ್ತೇನೆ. ನಿನ್ನೆ ನೀತಾನನ್ನು ಕೇಳಿಯೇಬಿಟ್ಟೆ. ಅವಳು ಬಾಯಿಗೆ ಸೆರಗು ಹಿಡಿದು ಅತ್ತಳು, ಇನ್ನು ಮೇಲೆ ನನ್ನ ಅಂಗಡಿಗೆ ಬರಬೇಡಿರಿ ಅಂದಳು.

ಚನ್ನಬಸವ್ವ


ಪುಣೆ
21 ಡಿಸೆಂಬರ್ 2024

ರಂಜನಾ,

ಗೊತ್ತಾಯಿತು. ಗೊತ್ತಾದದ್ದನ್ನು ಹಾಗೆಯೇ ಬರೆಯುತ್ತೇನೆ.

ನಿನ್ನೆ ಅಂಗಡಿಗೆ ಊಟದ ಡಬ್ಬಿ ಒಯ್ದಿದ್ದೆ. ಬಸವಲಿಂಗ ಬೆಲ್ಲದ ಹರಾಜಿಗೆ ಹೋಗಿದ್ದ, ಗಾದಿಯ ಮೇಲೆ ದೇವಾನಂದ ಒಬ್ಬನೇ ಇದ್ದ. ಗಾಡಿಗಳು ಎಲ್ಲೆಲ್ಲಿವೆ ಎಂದು ತೋರಿಸುವ ದೊಡ್ಡ ಫೋನು ಮುಂದಿತ್ತು. ಡ್ರೈವರುಗಳ ಫೋನು ಎಲ್ಲಿರುತ್ತದೋ ಅಲ್ಲಿ ಗಾಡಿ ಇದೆ ಎಂದು ಅದು ತಿಳಿದುಕೊಳ್ಳುತ್ತದೆ. ನಾನು ಸುಮ್ಮನೆ ಬಗ್ಗಿ ನೋಡಿದೆ. ನಮ್ಮ ಲಾರಿ ಮೂರು. ಅದರಲ್ಲಿ ನಾಲ್ಕು ಇದ್ದವು.

“ದೇವಾನಂದಾ, ನಾಕನೇ ಗಾಡಿ ಯಾವಾಗ ತಗೊಂಡ್ರಪಾ?” ಅಂದೆ.

ಅವನು ಮೇಲೆ ನೋಡಲಿಲ್ಲ. “ಅದು ಗಾಡಿ ಅಲ್ರಿ ಅವ್ವಾರ,” ಅಂದ. ಲೆಕ್ಕದ ಪುಸ್ತಕ ಮುಚ್ಚಿಟ್ಟು, “ಅದು ನೀವರಿ,” ಅಂದ.

ಅವ್ವಣ್ಣ ಓಡಿಸುತ್ತಿದ್ದ ಲಾರಿಯನ್ನು ಮಾರಿದರು. ಫೋನು ನನಗೆ ಕೊಟ್ಟರು. ಅದರೊಳಗಿನ ಗಾಡಿಯನ್ನು ಯಾರೂ ತೆಗೆಯಲಿಲ್ಲ. ನಾನು ನೀತಾನ ಅಂಗಡಿಗೆ ಹೋದರೆ ನಾಲ್ಕನೆಯ ಗಾಡಿ ಧನಕವಡಿಯಲ್ಲಿ ನಿಂತಿದೆ ಎಂದು ಬರುತ್ತಿತ್ತಂತೆ. ಮೊದಮೊದಲು ಅವನೂ ಬಸವಲಿಂಗನೂ ನಗುತ್ತಿದ್ದರಂತೆ. ನಮ್ಮ ಗಾಡಿಗಳು ಹುಬ್ಬಳ್ಳಿ ದಾಟುವುದಿಲ್ಲ. ನಾನು ದಾಟಿದಾಗ, ಗಾಡಿ ದಾರಿ ಬಿಟ್ಟಿದೆ ಎಂದು ಅದು ಕೂಗಿಕೊಂಡಿತಂತೆ. ಆಮೇಲೆ ಯಾವ ಓಣಿಯಲ್ಲಿ, ಯಾವ ಮನೆಯ ಮುಂದೆ ಎಷ್ಟು ಹೊತ್ತು ನಿಂತಿತು ಎಂಬುದನ್ನೂ ತೋರಿಸಿತು. ಅಂದು ಸಂಜೆಯೇ ನಾನು ತೆಗೆದ ಫೋಟೋ ತಾನಾಗಿ ಅಂಗಡಿಯ ಅಕೌಂಟಿಗೆ ಬಂದು ಬಿತ್ತು. ನಾನು ಕಳಿಸಲಿಲ್ಲ. ಕಳಿಸಲು ಬರುವುದೂ ಇಲ್ಲ ಎಂದು ನಿನಗೆ ಬರೆದಿದ್ದೆ. ಕಳಿಸಬೇಕಾಗಿಯೇ ಇರಲಿಲ್ಲ.

ಆಗಸ್ಟಿನಲ್ಲಿ ಮೊಣಕಾಲು ನೋವು ಎಂದು ಬರೆದದ್ದು ಸುಳ್ಳು. “ಪೋಸ್ಟಿಗೆ ಯಾಕ ಹೋಗಿದ್ದಿ ಅವ್ವಾ?” ಎಂದು ಬಸವಲಿಂಗ ಕೇಳಿದ್ದ. ಯಾರೋ ನೋಡಿ ಹೇಳಿದ್ದಾರೆಂದುಕೊಂಡೆ. ನಿನಗೆ ಹೇಳಿದರೆ ಹೆದರಿಕೊಂಡು ಕಾಗದ ನಿಲ್ಲಿಸುತ್ತೀ ಎಂದು ಹೇಳಲಿಲ್ಲ.

“ನನ್ನನ್ನ ಇದರಾಗಿಂದ ತಗಿ,” ಅಂದೆ ದೇವಾನಂದನಿಗೆ. “ಮಾಲಕರನ್ನ ಕೇಳಬೇಕ್ರಿ,” ಅಂದ.

ಇವತ್ತು ಫೋನನ್ನು ಮನೆಯಲ್ಲೇ ಬಿಟ್ಟು ಹೊರಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಬಸವಲಿಂಗ ಬಾಗಿಲಲ್ಲಿ ನಿಂತಿದ್ದ. “ಮುಂಜಾನಿಂದ ಒಂದ ಕಡೆ ಇದ್ದಿ, ಫೋನ್ ಎತ್ತಲಿಲ್ಲ, ಆರಾಮಿಲ್ಲೇನೋ ಅಂತ ಓಡಿ ಬಂದೆ,” ಅಂದ. ಹಣೆ ಮುಟ್ಟಿ ನೋಡಿದ. ಅವನ ಕೈ ಬೆಚ್ಚಗಿತ್ತು. ಇದೇ ಕೈ ಎಂದು ನನಗೆ ಅನ್ನಿಸಬೇಕಾಗಿತ್ತು. ಏನೂ ಅನ್ನಿಸಲಿಲ್ಲ. ನೀನು ಬರೆಯುತ್ತಿದ್ದುದು ಈಗ ತಿಳಿಯಿತು.

ನನ್ನನ್ನು ನಂಬು ಎಂದು ಕೇಳುತ್ತಿದ್ದೇನೆ. ಒಂದು ಸಾಲು ಬರೆ.

ಚನ್ನಬಸವ್ವ


ಪುಣೆ
6 ಫೆಬ್ರವರಿ 2025

ರಂಜನಾ,

ದಿನ ತುಂಬಿರಬೇಕು. ಹೆರಿಗೆ ಆಯಿತೆ, ಇಲ್ಲವೆ? ಗೋದಾ ಏನೂ ಬರೆಯುವುದಿಲ್ಲ. ನೀತಾ ಮತ್ತೆ ಮಾತಾಡಿಸುತ್ತಾಳೆ, ಕಾಗದ ಬಂದರೆ ತೆಗೆದಿಡುತ್ತೇನೆ ಅಂದಿದ್ದಾಳೆ. ಅಂಗಡಿಗೆ ಹೋದಾಗಲೆಲ್ಲ ಅವಳು ನಾನು ಕೇಳುವ ಮೊದಲೇ ತಲೆಯಾಡಿಸುತ್ತಾಳೆ.

ಬಸವಲಿಂಗ ವಕೀಲರ ಹತ್ತಿರ ಹೋಗಿ ಬಂದ. ಕೂಸು ತನ್ನದು ಅನ್ನುತ್ತಾನೆ. ಅದಕ್ಕೇ ಕೇಳುತ್ತಿದ್ದೇನೆಂದು ತಿಳಿಯಬೇಡ. ನನಗೋಸ್ಕರ ಕೇಳುತ್ತಿದ್ದೇನೆ.

ಚನ್ನಬಸವ್ವ


18 ಮಾರ್ಚ್ 2025

ಅತ್ತೆಯವರಿಗೆ,

ನಿಮ್ಮ ಕಾಗದಗಳೆಲ್ಲ ಒಟ್ಟಿಗೆ ಕೈಗೆ ಬಂದವು. ಒಡೆಯದೆ ಬಿಟ್ಟಿದ್ದನ್ನೂ ಓದಿದೆ. ಲಕೋಟೆಯ ಮೇಲಿನ ಮುದ್ರೆ ನೋಡಿ ಊರು ಗುರುತಿಸಬೇಡಿ. ಇದನ್ನು ಬೇರೆ ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಹಾಕಿಸಿದ್ದೇನೆ.

ನಿಮ್ಮನ್ನು ನಂಬುತ್ತೇನೆ. ನೀವು ಹೇಳಲಿಲ್ಲ. ನಿಮ್ಮ ಮೇಲೆ ತಪ್ಪು ಹೊರಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ.

ನೀವು ಹೇಳಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಹೇಳಿದ್ದರೆ, ಇನ್ನು ಮೇಲೆ ಹೇಳಬೇಡಿ ಎಂದು ನಿಮ್ಮ ಕಾಲು ಹಿಡಿದು ಕೇಳಬಹುದಾಗಿತ್ತು. ನೀವು ಕೇಳುತ್ತಿದ್ದಿರಿ. ಹೇಳದೆಯೇ ಗೊತ್ತಾಗುವುದಾದರೆ ನಾನು ನಿಮ್ಮನ್ನು ಏನೆಂದು ಕೇಳಲಿ?

ಹೆರಿಗೆ ಆಯಿತು. ಹೆಣ್ಣೋ ಗಂಡೋ ಎಂದು ಬರೆಯಲು ಕೂತೆ, ಬರೆಯುವುದಿಲ್ಲ. ಬರೆದರೆ ನೀವು ಕೂಸಿನ ತಲೆಗೆ ಕುಲಾಯಿ ಕೊಳ್ಳದೆ ಇರಲಾರಿರಿ. ಅಂಗಡಿಗೆ ಹೋಗಿ ನಿಲ್ಲುತ್ತೀರಿ, ಬಣ್ಣ ಆರಿಸುತ್ತೀರಿ, ಫೋನು ಕೈಚೀಲದಲ್ಲೇ ಇರುತ್ತದೆ. ಹೆಸರು ಇಟ್ಟಿದ್ದೇನೆ. ಅದನ್ನೂ ಬರೆಯುವುದಿಲ್ಲ. ನಿಮಗೆ ತಿಳಿದರೆ ಮನೆಯಲ್ಲಿ ಒಬ್ಬರೇ ಇದ್ದಾಗ ಒಂದು ಸಲವಾದರೂ ಬಾಯಿಬಿಟ್ಟು ಕರೆದು ನೋಡುತ್ತೀರಿ.

ಮಗು ಹಾಲು ಕುಡಿಯುತ್ತದೆ. ಆರೋಗ್ಯವಾಗಿದೆ. ನಿಮಗೆ ಇಷ್ಟನ್ನೇ ಕೊಡಲು ನನಗೆ ಆಗುವುದು.

ರಂಜನಾ